ಒಂದು ಹೆಸರು ಕಮ್ಮಿ

“ತಗಂಡೋಗಿ ಸ್ವಾಮಿ, ನಮಗ್ಯಾಕದು. ಆದ್ರೆ ಯಂತ್ರ ಮಾತ್ರ ಬಿಚ್ಬ್ಯಾಡಿ. ಯಂತ್ರ ಬಿಚ್ಚಿದ್ರೆ ಮನೇಲಿ ಒಂದು ಹೆಸರು ಕಮ್ಮಿ ಆಯ್ತದೆ.”

ಹೊಂಬಾಳಮ್ಮ ಈ ಮಾತು ಹೇಳುವಾಗ ಮೇಷ್ಟ್ರ ಮುಖ ನೋಡಲಿಲ್ಲ. ಅಟ್ಟದ ಕಡೆ ನೋಡುತ್ತಿದ್ದಳು. ಚೇಳೂರಿನ ಆ ಮನೆಯ ಅಟ್ಟದಲ್ಲಿ, ಕೊಬ್ಬರಿಗೆಂದು ಹಾಕಿದ ಕಾಯಿಗಳ ನಡುವೆ, ಹರಕು ಕಂಬಳಿಯಲ್ಲಿ ಸುತ್ತಿಸಿಕೊಂಡು ಅದು ಎಷ್ಟೋ ವರ್ಷಗಳಿಂದ ಮಲಗಿತ್ತು. ಕೆಳಗಿಳಿಸಿದಾಗ ಮಾಗಿದ ಕೊಬ್ಬರಿಯ ವಾಸನೆಯ ಹಿಂದೆಯೇ ಇನ್ನೊಂದು ವಾಸನೆಯೂ ಇಳಿದು ಬಂತು. ಸುಟ್ಟ ಕೂದಲಿನ ವಾಸನೆ.

ಮೇಷ್ಟ್ರು ಕಂಬಳಿ ಸರಿಸಿದರು. ಕೀಬೋರ್ಡಿನೊಳಗೇ ಇಡೀ ಕಂಪ್ಯೂಟರು ಅಡಗಿರುವ, ಟೀವಿಗೆ ತಗುಲಿಸುವ ಹಳೆಯ ಜಾತಿಯದು. ಜೊತೆಗೊಂದು ಟೇಪ್‌ರೆಕಾರ್ಡರು, ಅದರೊಳಗೊಂದು ಕ್ಯಾಸೆಟ್ಟು. ಅವರ ಕಣ್ಣು ಅರಳಿತು.

“ಬಿಚ್ಚದೆ ರಿಪೇರಿ ಮಾಡೋದು ಹೇಗಮ್ಮ? ಬಾಯಿ ತೆಗೀದೆ ಹಲ್ಲು ಕೀಳಿ ಅಂದಂಗಾಯ್ತು” ಎಂದು ನಕ್ಕರು.

“ನಗಬ್ಯಾಡಿ” ಎಂದಳು ಹೊಂಬಾಳಮ್ಮ. ಅಷ್ಟೇ.

ಮೇಷ್ಟ್ರು ಮೈಸೂರಿನ ಕಡೆಯವರು. ತುಮಕೂರಿನ ಒಂದು ಪಾಲಿಟೆಕ್ನಿಕ್ಕಿಗೆ ಕಂಪ್ಯೂಟರ್ ಪಾಠ ಹೇಳಲು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಹಳೆಯ ಕಂಪ್ಯೂಟರುಗಳನ್ನು ಹುಡುಕಿ ತಂದು, ತೊಳೆದು, ಬೆಸುಗೆ ಹಾಕಿ, ಮತ್ತೆ ಉಸಿರಾಡಿಸುವುದು ಅವರ ಹುಚ್ಚು. ಪ್ರತಿಯೊಂದರ ಮೇಲೂ ಅದು ಯಾರ ಮನೆಯದೆಂದು ಚೀಟಿ ಅಂಟಿಸುವುದು ವಾಡಿಕೆ.

“ನಿಮ್ಮ ಯಜಮಾನರ ಹೆಸರೇನಮ್ಮ?”

ಹೊಂಬಾಳಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. “ಅದನ್ನ ಕೇಳ್ಬ್ಯಾಡಿ. ನನ್ ಕೈಲಿ ಹೇಳಾಕಾಗಕಿಲ್ಲ.”

ಮೇಷ್ಟ್ರಿಗೆ ಮನಸ್ಸು ತುಂಬಿ ಬಂತು. ಗಂಡನ ಹೆಸರು ಬಾಯಲ್ಲಿ ತಂದರೆ ಆಯುಸ್ಸು ಕಡಿಮೆಯಾಗುತ್ತದೆಂದು ನಂಬುವ ಹೆಣ್ಣುಮಕ್ಕಳು ಇನ್ನೂ ಇದ್ದಾರಲ್ಲ! ಅದೂ ಗಂಡ ಸತ್ತು ಇಷ್ಟು ವರ್ಷವಾದ ಮೇಲೆ. ಅಟ್ಟದ ಏಣಿ ಇಳಿಯುತ್ತಿದ್ದ ಹನುಮಂತರಾಜುವನ್ನು ಕೇಳಿದರು. ಹನುಮಂತರಾಜು ಅದೇ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುವವನು, ಅದೇ ಊರಿನವನು. ಇಲ್ಲಿಗೆ ಕರೆತಂದವನೂ ಅವನೇ.

“ಜಾತಕದಯ್ಯ ಅಂತಿದ್ವಿ ಸಾರ್. ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ರ ಕಂಪ್ಯೂಟರ್ ಜಾತಕದ ಅಂಗಡಿ ಇಕ್ಕಿದ್ರು. ಹೆಸ್ರು...” ತಲೆ ಕೆರೆದುಕೊಂಡ. “ನಾಲ್ಗೆ ತುದೀಲೈತೆ, ಬತ್ತಾ ಇಲ್ಲ.”

ಬಾಗಿಲ ಹಿಂದೆ ಅಂಗಡಿಯ ತಗಡಿನ ಬೋರ್ಡು ಒರಗಿಸಿಟ್ಟಿತ್ತು. ‘ಕಂಪ್ಯೂಟರ್ ಜಾತಕ. ಮಾಲೀಕರು:’ ಅಲ್ಲಿಂದ ಮುಂದೆ ಬಣ್ಣ ಖಾಲಿ. ಉದುರಿರಬೇಕು ಎಂದುಕೊಂಡು ಮೇಷ್ಟ್ರು ಕಂಬಳಿಯ ಗಂಟನ್ನು ಮಗುವಿನ ಹಾಗೆ ಎತ್ತಿಕೊಂಡು ಹೊರಟರು.

“ಅಜ್ಜಿ ಏನೋ ಬ್ಯಾಡ ಅಂತಿತ್ತು?” ದಾರಿಯಲ್ಲಿ ಹನುಮಂತರಾಜು ಕೇಳಿದ.

“ಕಂಪ್ಯೂಟರ್ ಬಿಚ್ಬಾರ್ದಂತೆ” ಎಂದರು ಮೇಷ್ಟ್ರು. ಇಬ್ಬರೂ ನಕ್ಕರು.

* * *

ತುಮಕೂರಿನ ಬಟವಾಡಿಯ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಪೂರ್ತಿ ಇಂಥವುಗಳದ್ದೇ. ಎರಡು ಸಾವಿರದ ಐದನೆಯ ಇಸವಿ. ಎಲ್ಲರೂ ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ತರುತ್ತಿದ್ದ ಕಾಲ. ಮೇಷ್ಟ್ರು ಗುಜರಿಯಿಂದಲೇ ಮನೆಗೆ ತರುತ್ತಿದ್ದರು. ತುಕ್ಕು ಹಿಡಿದ ತಾಮ್ರದ ಗೆರೆಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಕರೆಂಟು ಕೊಟ್ಟು, ಕಪ್ಪು ಪರದೆಯ ಮೇಲೆ ಒಂದು ಸಣ್ಣ ಚೌಕ ಮಿಣಮಿಣ ಎಂದಾಗ ಅವರಿಗಾಗುತ್ತಿದ್ದ ಆನಂದವನ್ನು ನೋಡಿ ಹೆಂಡತಿ ಯಶಸ್ವಿನಿ, “ಸ್ಮಶಾನದಿಂದ ಎಬ್ಬಿಸಿಕೊಂಡು ಬಂದ್ರಾ ಇನ್ನೊಂದು?” ಎಂದು ರೇಗಿಸುವಳು. ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಕೈಯಲ್ಲೇ ಆ ಕೋಣೆಯ ಬಾಗಿಲಿಗೂ ಒಂದು ಊದುಬತ್ತಿ ತೋರಿಸುವಳು. ಮೇಷ್ಟ್ರು ನಗುವರು.

ಮೇಷ್ಟ್ರು ತಿರುಪು ಬಿಚ್ಚಿದರು. ಮುಚ್ಚಳದ ಒಳಮೈಗೆ ಜೇನುಮೇಣ ಮೆತ್ತಿ, ಕರಿದಾರ ಸುತ್ತಿ ಕೂರಿಸಿದ ಒಂದು ತೆಳು ತಾಮ್ರದ ತಗಡು ಇತ್ತು. ಕಿಲುಬು ಹಿಡಿದು ಹಸಿರಾಗಿತ್ತು. ಶಾಖ ತಡೆಯಲೋ ರೇಡಿಯೋ ಅಲೆ ತಡೆಯಲೋ ಯಾರೋ ತಿಳಿಯದವರು ಮಾಡಿದ ಉಪಾಯ ಎಂದುಕೊಂಡರು. ಹೀಗೇ ಬಿಟ್ಟರೆ ಶಾರ್ಟ್ ಆಗುತ್ತದೆ. ದಾರ ಕತ್ತರಿಸಿ ತಗಡನ್ನು ಕಿತ್ತರು.

“ಯಶೂ, ಇದಕ್ಕೊಂಚೂರು ಹುಣಸೆಹಣ್ಣು ಹಾಕಿ ತಿಕ್ಕಿಕೊಡೆ.”

ಅವಳು ಬಚ್ಚಲಲ್ಲಿ ಕೂತು ತಿಕ್ಕಿದಳು. ಕಿಲುಬು ಬಿಟ್ಟುಕೊಂಡ ಹಾಗೆ ಗೀಚಿದ ಗೆರೆಗಳು ಕಂಡವು. ಮನೆಮನೆಯಾಗಿ ಚೌಕ, ಮನೆಗೊಂದು ಅಕ್ಷರ. ನೋಡುತ್ತಿದ್ದ ಹಾಗೆಯೇ ಹುಣಸೆಯ ಹುಳಿಯ ಜೊತೆ ಅಕ್ಷರಗಳೂ ಕರಗಿ ನೀರಿಗೆ ಹೋದವು. ಅವಳು ಹೆದರಿ ತಂದು ತೋರಿಸಿದಳು.

“ರೀ, ಇದರ ಮೇಲೆ ಬೀಜಾಕ್ಷರ ಇತ್ತು. ಅಳಿಸಿಹೋಯ್ತು.”

“ತಾಮ್ರ ಫಳಫಳ ಅಂತಿದೆ ನೋಡು” ಎಂದರು ಮೇಷ್ಟ್ರು.

ಮಾರನೆಯ ದಿನ ಅಮಾವಾಸ್ಯೆ. ಅವಳು ದೀಪದ ಬತ್ತಿ ಹೊಸೆಯುತ್ತಿದ್ದ ಹೊತ್ತಿಗೆ ಮೇಷ್ಟ್ರು ಸಣ್ಣ ಕಪ್ಪುಬಿಳುಪು ಟೀವಿಗೆ ತಂತಿ ತಗುಲಿಸಿ, ಕ್ಯಾಸೆಟ್ಟು ಓಡಿಸಿದರು. ಹಳೆಯ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರುತ್ತಿದ್ದುದೇ ಕ್ಯಾಸೆಟ್ಟಿನಲ್ಲಿ, ಕಿವಿ ಕೊರೆಯುವ ಚೀರಾಟದ ರೂಪದಲ್ಲಿ. ಮೇಷ್ಟ್ರಿಗೆ ಆ ಸದ್ದು ಸಂಗೀತ. ಆದರೆ ಈ ಕ್ಯಾಸೆಟ್ಟಿನ ಚೀರಾಟ ಏರುತ್ತಾ, ಇಳಿಯುತ್ತಾ, ಬಾವಿಯ ತಳದಿಂದ ಯಾರೋ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ ಹಾಗಿತ್ತು. ಬೀದಿಯ ನಾಯಿಗಳು ಸುಮ್ಮನಾದವು. ಬಿಸಿಯೇರಿದ ಧೂಳಿನಿಂದ ಅದೇ ವಾಸನೆ ಎದ್ದಿತು. ಸುಟ್ಟ ಕೂದಲು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಮೂಡಿತು. ‘ಹೆಸರು?’

“ಕೆಲಸ ಮಾಡ್ತಿದೆ! ಬಾರೇ, ನಿನ್ನ ಜಾತಕ ತೆಗೆಯೋಣ.”

“ದೀಪ ಹಚ್ಚೋ ಹೊತ್ತಲ್ಲಿ ಅದ್ಯಾಕ್ರೀ? ಹೆಸರು ನಕ್ಷತ್ರ ದೇವರ ಮುಂದೆ ಹೇಳೋದು, ಟೀವಿ ಮುಂದಲ್ಲ.”

ಮೇಷ್ಟ್ರು ಅವಳ ಹೆಸರು ಒತ್ತಿದರು. ‘ನಕ್ಷತ್ರ?’ ಎಂದಿತು. ರೋಹಿಣಿ ಎಂದು ಒತ್ತಿದರು. ‘ತಾಯಿಯ ಹೆಸರು?’ ಎಂದಿತು.

ಬಾಗಿಲಲ್ಲಿ ನಿಂತಿದ್ದ ಅವಳ ದನಿ ಸಣ್ಣಗಾಯಿತು. “ಜಾತಕಕ್ಕೆ ಹುಟ್ಟಿದ ಗಳಿಗೆ ಕೇಳ್ತಾರೆ. ತಾಯಿ ಹೆಸರು ಕೇಳೋದು ಮಾಟ ಮಾಡೋರು. ಬೇಡ ರೀ.”

ಮೇಷ್ಟ್ರು ಅತ್ತೆಯ ಹೆಸರನ್ನೂ ಒತ್ತಿದರು.

ಪರದೆ ಕಪ್ಪಾಯಿತು. ಟೇಪ್‌ರೆಕಾರ್ಡರಿನ ಕೆಂಪು ಗುಂಡಿ, ಅದು ರೆಕಾರ್ಡ್ ಮಾಡಲು ಒತ್ತುವ ಗುಂಡಿ, ತಾನಾಗಿ ಕೆಳಗೆ ಇಳಿಯಿತು. ಕಟ್ ಎಂದಿತು. ಸುರುಳಿ ಸುತ್ತಿತು. ಸುತ್ತಿತು. ನಿಂತಿತು. ಪರದೆಯ ನಡುವೆ ಒಂದೇ ಪದ.

‘ಬಂತು.’

ಬಾಗಿಲ ಬಳಿ ಬತ್ತಿಯ ತಟ್ಟೆ ಬಿದ್ದ ಸದ್ದು. ಮೇಷ್ಟ್ರು ತಿರುಗಿ ಅವಳನ್ನು ಕೂಗಲು ಬಾಯಿ ತೆರೆದರು.

ಬಾಯಿ ತೆರೆದೇ ಇತ್ತು. ಮೊದಲಕ್ಷರವೂ ಬರಲಿಲ್ಲ.

* * *

ಮರೆವು ಬೇರೆ, ಇದು ಬೇರೆ. ಮರೆತದ್ದು ಎಲ್ಲೋ ಇರುತ್ತದೆ. ಇದು ಇದ್ದ ಜಾಗವೇ ಇರಲಿಲ್ಲ. ಮದುವೆಯ ಲಗ್ನಪತ್ರಿಕೆ ತೆಗೆದರು. ‘ಚಿ। ಸೌ।’ ಎಂದಿತ್ತು, ಮುಂದೆ ಬರೀ ಹಳದಿ ಕಾಗದ. ಅತ್ತೆಗೆ ಫೋನು ಮಾಡಿದರು. “ನನ್ ಮಗಳು... ನನ್ ಮಗಳು...” ಎಂದು ಆಯಮ್ಮ ತಡವರಿಸಿ, “ಎಷ್ಟು ಮಕ್ಕಳಪ್ಪ ನನಗೆ?” ಎಂದು ಇವರನ್ನೇ ಕೇಳಿದರು.

ಅವಳು ಗೋಡೆಗೊರಗಿ ಕೂತಿದ್ದಳು. “ನಾನು ಯಾರ್ರೀ?” ಎಂದಳು. ಅಳುತ್ತಿರಲಿಲ್ಲ. ದಾರಿ ಕೇಳುವ ಹಾಗೆ ಕೇಳಿದಳು. ಮೇಷ್ಟ್ರು ಕೈ ಹಿಡಿದರು. ಕೈ ಬಾವಿ ನೀರಿನ ಹಾಗೆ ತಣ್ಣಗಿತ್ತು.

ಬೆಳಗ್ಗೆ ಪಕ್ಕದ ಮನೆಯ ಸರ್ವಮಂಗಳ ಹೂವು ಕೊಡಲು ಬಂದವರು ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು. ಮೇಷ್ಟ್ರ ಮಗ್ಗುಲಲ್ಲೇ ಅವಳು ನಿಂತಿದ್ದಳು.

“ಏನ್ ಮೇಷ್ಟ್ರೇ, ಒಬ್ರೇ ಇದೀರಾ?” ಎಂದರು ಸರ್ವಮಂಗಳ. “ಅಯ್ಯೋ, ಯಾರಿಗೆ ಅಂತ ತಂದೆ ನಾನು ಈ ಹೂವ?” ಎಂದು ತಮ್ಮಷ್ಟಕ್ಕೆ ನಕ್ಕು ಹಿಂದಕ್ಕೆ ಹೋದರು.

ಅವಳು ಚಾಚಿದ ಕೈ ಚಾಚಿದಂತೆಯೇ ಉಳಿಯಿತು.

ಮೇಷ್ಟ್ರು ಅವಳಿಗೆ ಒಂದು ಹಿಡಿ ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಇಂಥದನ್ನೆಲ್ಲ ಜೀವಮಾನವಿಡೀ ನಕ್ಕು ತಳ್ಳಿದವರು. ಮೆಣಸಿನಕಾಯಿ ಸುಟ್ಟು ಕರಿಕಾಯಿತು. ಹೊಗೆ ಕೋಣೆ ತುಂಬಿತು. ಇಬ್ಬರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಘಾಟೇ ಇರಲಿಲ್ಲ.

ಹನುಮಂತರಾಜುವಿನ ಓಮ್ನಿ ಬಂತು. ಕಂಪ್ಯೂಟರು, ಟೀವಿ, ಟೇಪ್‌ರೆಕಾರ್ಡರು ಹಿಂದೆ. ಅವಳೂ ಮೇಷ್ಟ್ರೂ ಹಿಂದೆ. ಗುಬ್ಬಿ ದಾಟುವ ತನಕ ಹನುಮಂತರಾಜು ಎರಡು ಸಲ, “ನಾವಿಬ್ರೇ ಬರ್ತಿರೋದಲ್ವಾ ಸಾರ್?” ಎಂದು ಕೇಳಿದ. ಮೇಷ್ಟ್ರು ಅವಳ ಕೈ ಬಿಡಲಿಲ್ಲ. ಬಿಟ್ಟರೆ ತಾವೂ ಹಾಗೇ ಕೇಳಿಬಿಡುತ್ತೇವೆಂಬ ಭಯ.

ಹೊಂಬಾಳಮ್ಮ ಜಗುಲಿಯ ಮೇಲೆ ಕೂತು ಕಾಯುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು. ತಗಡಿನ ಬೋರ್ಡು ಬಿಸಿಲಿಗೆ ಬಂದಿತ್ತು. ಖಾಲಿ ಇದ್ದ ಜಾಗದಲ್ಲಿ ಈಗ ಕೆಂಪು ಬಣ್ಣದ ಅಕ್ಷರಗಳು, ನಿನ್ನೆ ಬರೆದಷ್ಟು ನಿಚ್ಚಳ. ‘ಮಾಲೀಕರು: ಮುದ್ದಯ್ಯ.’

“ಮುದ್ದಯ್ಯ” ಎಂದಳು ಹೊಂಬಾಳಮ್ಮ. “ನಮ್ಮೆಜಮಾನ್ರ ಹೆಸ್ರು ಮುದ್ದಯ್ಯ. ನೆನ್ನೆ ದೀಪ ಹಚ್ಚೋ ಹೊತ್ನಲ್ಲಿ ನೆಪ್ಪಿಗೆ ಬಂತು. ಆಗ್ಲೇ ಗೊತ್ತಾಯ್ತು, ಇನ್ಯಾರದೋ ಹೋಯ್ತು ಅಂತ.”

“ಮೊನ್ನೆ ನೀವು ಹೇಳಲಿಲ್ಲವಲ್ಲ...”

“ಗೊತ್ತಿದ್ರಲ್ವಾ ಹೇಳಾದು? ಜಾತಕಕ್ಕೆ ಅಂತ ಮುಂದೆ ಕೂತು ಹೆಸ್ರು ಹೇಳ್ದೋರ್‌ದೆಲ್ಲಾ ಆಯಪ್ಪ ಬರ್ದು ಇಕ್ಕಂತಿತ್ತು. ಆಗ್ದೋರು ಬಂದು ಕೇಳೋರು, ಇಂಥೋರ್ನ ಮುಗ್ಸಿ ಅಂತ. ಅವ್ರ ಹೆಸ್ರ ಅದ್ರೊಳಕ್ಕೆ ತುಂಬ್ತಿತ್ತು. ಹೆಸ್ರು ಹೋಯ್ತಿತ್ತು, ಹಿಂದ್ಗುಟ್ಲೆ ಜೀವ ಹೋಯ್ತಿತ್ತು. ಕಡೀಗೊಂದಿನ ಕುಡಿದ ಅಮಲ್ನಲ್ಲಿ ತನ್ ಹೆಸ್ರೇ ಒತ್ತಿಬುಡ್ತು. ಕುಣಿಗಲ್ಲಿನ ಕಾಳಯ್ಯನ್ನ ಕರ್ಕೊಂಬಂದು ಬಾಯಿ ಕಟ್ಟೋ ಯಂತ್ರ ಹಾಕ್ಸೋ ಹೊತ್ಗೆ ಜೀವ ಹೋಗಿತ್ತು. ಅದಕ್ಕೇ ಹೇಳಿದ್ದು ನಿಮ್ಗೆ, ಯಂತ್ರ ಬಿಚ್ಬ್ಯಾಡಿ ಅಂತ.”

“ನಾನು... ಯಂತ್ರ ಅಂದ್ರೆ ಈ ಮಿಷನ್ನು ಅಂದ್ಕೊಂಡೆ.”

ಹೊಂಬಾಳಮ್ಮ ಅವರನ್ನು ದಿಟ್ಟಿಸಿ ನೋಡಿದಳು. “ಮಿಷನ್ಗೆ ಮಿಷನ್ ಅಂತೀವಿ ಸ್ವಾಮಿ ನಾವು. ಯಂತ್ರ ಅಂದ್ರೆ ತಗಡು.”

ಹನುಮಂತರಾಜು ಹಣೆ ಚಚ್ಚಿಕೊಂಡ. ದಾರಿಯಲ್ಲಿ ಮೇಷ್ಟ್ರು ಯಂತ್ರ ಎಂಬ ಮಾತನ್ನು ಕಂಪ್ಯೂಟರ್ ಎಂದು ತಿರುಗಿಸಿ ಹೇಳದೆ ಇದ್ದಿದ್ದರೆ, ಆ ಊರಿನವನಾದ ಅವನಿಗೆ ಆಗಲೇ ಅರ್ಥವಾಗಿಬಿಡುತ್ತಿತ್ತು.

* * *

ಹೊಂಬಾಳಮ್ಮನೂ ಓಮ್ನಿ ಹತ್ತಿದಳು. ಕಾಳಯ್ಯನ ಮನೆ ಕುಣಿಗಲ್ ದೊಡ್ಡಕೆರೆಯ ಏರಿಯ ಕೆಳಗೆ. ಮುದುಕ ಅವಳನ್ನು ಬಹಳ ಹೊತ್ತು ಹುಡುಕಿ, ಆಮೇಲೆ ಕಂಡ. “ಇದಾರೆ. ನೆಳ್ಳಿನಂಗೆ ಇದಾರೆ” ಎಂದ. ಹೊಸ ತಗಡಿನ ಮೇಲೆ ಚೌಕ ಎಳೆಯುತ್ತಾ, ತಲೆಯೆತ್ತದೆ ಮಾತಾಡಿದ.

“ಹಳೇ ಪದದ ಮ್ಯಾಲೆ ಹೊಸ ಪದ ತುಂಬಿದ್ರೆ ಹಳೇದು ಹೋಗಕಿಲ್ವಾ ಕ್ಯಾಸೆಟ್ನಾಗೆ? ಹಂಗೇ ಇದು. ಒಳಗೆ ಇನ್ನೊಂದು ಹೆಸ್ರು ಹೋದ್ರೆ ಈ ಹೆಸ್ರು ಈಚೆ ಬತ್ತದೆ. ಹೋದ ತಕ್ಷಣ ನಾನು ಯಂತ್ರ ಮುಚ್ತೀನಿ. ಹೆಸ್ರು ಹೋದ್ರೂ ಉಸ್ರು ಉಳೀತದೆ.”

“ಕ್ಯಾಸೆಟ್ ಅಳಿಸಿಬಿಟ್ಟರೆ? ಇದನ್ನ ಒಡೆದು ಹಾಕಿದ್ರೆ?”

“ಒಳಗೆ ಇರೋರೂ ಅಳಿಸ್ಹೋಯ್ತಾರೆ.”

“ನಡುವೆ ಕರೆಂಟು ಹೋದರೆ?”

ಕಾಳಯ್ಯ ಮೊದಲ ಸಲ ತಲೆಯೆತ್ತಿ ಮೇಲಿನ ಬಲ್ಬು ನೋಡಿದ. “ಕರೆಂಟ್ ತೆಗೆಯೋ ಹೊತ್ತಾಯ್ತು. ಬ್ಯಾಗ ಮಾಡಿ.”

ಮೇಷ್ಟ್ರು ತಂತಿ ತಗುಲಿಸಿದರು. ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಕೂತಿತು. ಕ್ಯಾಸೆಟ್ಟು ಚೀರತೊಡಗಿತು. ಆ ಹಳೆಯ ಪದ್ಧತಿಯ ನಿಧಾನ ಅವರಿಗೆ ಎಷ್ಟು ಪ್ರಿಯವಾಗಿತ್ತು! ಈಗ ಒಂದೊಂದು ಗೆರೆಯೂ ಪರದೆಯ ಮೇಲೆ ಬಸವನಹುಳುವಿನ ಹಾಗೆ ತೆವಳುತ್ತಿತ್ತು. ಚೀರಾಟದ ನಡುವೆ ಈ ಸಲ ಒಂದು ಹೆಣ್ಣುದನಿ ಇತ್ತು. ರೀ... ರೀ... ಎನ್ನುತ್ತಿತ್ತು. ಮಗ್ಗುಲಲ್ಲಿ ಕೂತಿದ್ದವಳ ತುಟಿ ಅಲುಗುತ್ತಿರಲಿಲ್ಲ.

ಬಲ್ಬು ಮಂಕಾಯಿತು. ಪರದೆ ಕುಗ್ಗಿತು. ಹೊಂಬಾಳಮ್ಮ “ಶಿವನೇ” ಎಂದಳು. ಬಲ್ಬು ಮತ್ತೆ ಏರಿತು.

‘ಹೆಸರು?’

ಮೇಷ್ಟ್ರು ತೋಚಿದ್ದೊಂದು ಹೆಸರನ್ನು ಒತ್ತಿದರು. ಹುಟ್ಟದ ಮನುಷ್ಯನದು. ಸುಮ್ಮನೆ ಒಂದು ನಕ್ಷತ್ರ. ಸುಮ್ಮನೆ ಒಬ್ಬ ತಾಯಿ.

ಪರದೆ ತಡೆಯಿತು. ‘ಯಾರೂ ಇಲ್ಲ’ ಎಂದಿತು. ಮತ್ತೆ, ‘ಹೆಸರು?’

ಆಗ ಅವರ ಮನಸ್ಸಿನೊಳಗೆ ಹೆಸರುಗಳು ಸಾಲುಗಟ್ಟಿ ಬಂದವು. ಹಾಜರಿ ಕೂಗಿ ಕೂಗಿ ಬಾಯಿಪಾಠವಾದ ಹುಡುಗರ ಹೆಸರುಗಳು. ತಮ್ಮನ್ನು ಕಂಡರಾಗದ ಪ್ರಿನ್ಸಿಪಾಲರ ಹೆಸರು. ಆಚೆ ಜಗುಲಿಯಲ್ಲಿ ನಿಂತು ಬೀಡಿ ಹಚ್ಚುತ್ತಿದ್ದ ಹನುಮಂತರಾಜುವಿನ ಹೆಸರು. ಅವನ ಮನೆಯ ಪೂಜೆಗೆ ಹೋಗಿದ್ದಾಗ ಅವನ ನಕ್ಷತ್ರವನ್ನೂ ಕೇಳಿದ್ದರು, ಅವನ ತಾಯಿಯ ಕೈಯ ಊಟವನ್ನೂ ಉಂಡಿದ್ದರು. ಎಷ್ಟು ಸುಲಭ! ಕೈ ಕೀಲಿಗಳ ಮೇಲೆ ನಿಂತಿತು. ಮುದ್ದಯ್ಯನ ಕೈಯೂ ಹೀಗೇ ಒಂದು ದಿನ ಮೊದಲ ಸಲ ನಿಂತಿದ್ದಿರಬೇಕು.

ಬಲ್ಬು ಮತ್ತೆ ಮಂಕಾಯಿತು.

“ಮೇಷ್ಟ್ರೇ!” ಎಂದ ಕಾಳಯ್ಯ.

ಅವರು ಅವಳ ಮುಖ ನೋಡಿದರು. ಮುಖದ ಹಿಂದಿನ ಗೋಡೆಯ ಮೊಳೆ ಕಾಣಿಸುತ್ತಿತ್ತು.

ತಮ್ಮ ಹೆಸರು ಒತ್ತಿದರು. ನಕ್ಷತ್ರ ಒತ್ತಿದರು. ತಾಯಿಯ ಹೆಸರು ಒತ್ತುವಾಗ ಕಣ್ಣು ಮಂಜಾಯಿತು. ಆ ತಾಯಿ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಉಸುರಿದ ಹೆಸರಲ್ಲವೇ ಅದು? ಕೆಂಪು ಗುಂಡಿ ಕಟ್ ಎಂದಿತು. ಸುರುಳಿ ಸುತ್ತಿತು. ಬಲ್ಬು ಕೆಂಪಾಯಿತು. ಸುತ್ತಿತು. ಕೆಂಡದಷ್ಟಾಯಿತು. ಸುತ್ತಿತು.

‘ಬಂತು.’

ಕಾಳಯ್ಯ ತಗಡನ್ನು ಒತ್ತಿ ಮುಚ್ಚಿದ. ಕರೆಂಟು ಹೋಯಿತು.

ಕತ್ತಲೆಯಿಲ್ಲ, ಮಧ್ಯಾಹ್ನವೇ. ಆದರೂ ಯಾರಿಗೂ ಯಾರೂ ಕಾಣಲಿಲ್ಲ ಒಂದು ಗಳಿಗೆ. ಏರಿಯ ಮೇಲಿನಿಂದ ನೀರಿನ ತಣ್ಣನೆಯ ಗಾಳಿ ಬಂತು. ಆಮೇಲೆ ಮೇಷ್ಟ್ರು ಅವಳ ಕಿವಿಯ ಬಳಿ ಬಾಗಿ, ನಾಮಕರಣದ ದಿನ ಹೇಳುವ ಹಾಗೆ, ಮೆಲ್ಲಗೆ ಹೇಳಿದರು.

“ಯಶಸ್ವಿನಿ.”

“ಹಾಂ” ಎಂದಳು ಯಶಸ್ವಿನಿ. ಕೈ ಬೆಚ್ಚಗಾಗಿತ್ತು. ಕಣ್ಣು ತುಂಬಿಕೊಂಡು, “ರೀ...” ಎಂದಳು. ಹೆಸರು ಹಿಡಿದು ಅವರನ್ನು ಅವಳು ಎಂದೂ ಕೂಗಿದವಳಲ್ಲ. ಆ ದಿನ ಕೂಗಬೇಕೆನಿಸಿತು. ಬಾಯಿ ತೆರೆದಳು.

* * *

ಬಟವಾಡಿಯ ಆ ಕೋಣೆಯಲ್ಲಿ ಈಗಲೂ ಹಳೆಯ ಕಂಪ್ಯೂಟರುಗಳಿವೆ. ಒಂದೊಂದರ ಮೇಲೂ ಮಾಲೀಕರ ಹೆಸರಿನ ಚೀಟಿ. ಒಂದರ ಮೇಲೆ ಮಾತ್ರ ಖಾಲಿ ಚೀಟಿ. ಅದರ ಕ್ಯಾಸೆಟ್ಟನ್ನು ಅಕ್ಕಿ ತುಂಬಿದ ಡಬ್ಬಿಯೊಳಗೆ, ಶೀತ ತಾಗದಂತೆ, ಬೂಷ್ಟು ಹಿಡಿಯದಂತೆ ಇಟ್ಟಿದ್ದಾರೆ. ಟೇಪಿಗೆ ಆಯುಸ್ಸು ಕಡಿಮೆ ಎಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸುರುಳಿ ಸಡಿಲಾಗದಂತೆ ಆಗಾಗ ಬೆರಳಲ್ಲೇ ಸುತ್ತುತ್ತಾರೆ, ಉಸಿರು ಬಿಗಿಹಿಡಿದು. ಕಾಲೇಜಿನ ಹಾಜರಿಯಲ್ಲಿ ಅವರ ಸಾಲು ಏಕೆ ಖಾಲಿಯಿದೆ ಎಂದು ಯಾರಿಗೂ ಗೊತ್ತಿಲ್ಲ. ಯಾರೂ ಕೇಳುವುದೂ ಇಲ್ಲ.

ಕಾರ್ತೀಕದ ಒಂದು ಸೋಮವಾರ ಯಶಸ್ವಿನಿ ಈಶ್ವರನ ಗುಡಿಗೆ ಹಣ್ಣುಕಾಯಿ ತಂದಳು. ಅರ್ಚಕರು ತಟ್ಟೆ ತೆಗೆದುಕೊಂಡು, “ಯಾರ ಹೆಸರಲ್ಲಮ್ಮ ಅರ್ಚನೆ?” ಎಂದರು.

“ನಮ್ಮೆಜಮಾನ್ರ ಹೆಸರಲ್ಲಿ.”

“ಹೇಳಿ ತಾಯಿ. ಹೆಸರು, ನಕ್ಷತ್ರ.”

ಯಶಸ್ವಿನಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

ಅರ್ಚಕರ ಮುಖ ಅರಳಿತು. “ಇನ್ನೂ ಇದಾರಲ್ಲಪ್ಪ, ಗಂಡನ ಹೆಸರು ಬಾಯಲ್ಲಿ ತರದ ಹೆಣ್ಮಕ್ಕಳು! ಇರಲಿ ಬಿಡಮ್ಮ. ಹೆಸರು ಅವನಿಗೆ ಗೊತ್ತಿರ್ತದೆ” ಎಂದು ಲಿಂಗದ ಕಡೆ ಕೈ ತೋರಿಸಿ, ಹೆಸರಿನ ಜಾಗವನ್ನು ಹಾಗೇ ಬಿಟ್ಟು ಮಂತ್ರ ಮುಂದುವರಿಸಿದರು.

ಮಂಗಳಾರತಿ ಬಂತು. ತಟ್ಟೆ ಅವಳ ಮುಂದೆ ನಿಂತು, ಪಕ್ಕದ ಜಾಗವನ್ನು ದಾಟಿ, ಆಚೆಯವರಿಗೆ ಹೋಯಿತು. ಯಶಸ್ವಿನಿ ಎರಡು ಅಂಗೈಗೂ ತೆಗೆದುಕೊಂಡಿದ್ದ ಶಾಖವನ್ನು ಆರದ ಹಾಗೆ ಮುಚ್ಚಿ ಹಿಡಿದು, ಪಕ್ಕದಲ್ಲಿ ನಿಂತವರ ಕಣ್ಣಿಗೆ ಒತ್ತಿದಳು.